100 ಪೀಸ್ ಫಸ್ಟ್ ಏಡ್ ಕಿಟ್ ತಗೊಳ್ಬೇಕಾ? ತೋಟದ ಮನೆಗೆ ಬೇಕಾದದ್ದೇ ಬೇರೆ

ನಮಸ್ಕಾರ ಎಲ್ಲರಿಗೂ. ನಮ್ಮ ಕಾಸರಗೋಡಿನ ಪೆರ್ಲದ ಕಡೆಯವ್ರು ಒಬ್ರು ಎರಡು ಫೋಟೋ ಕಳ್ಸಿ ಕೇಳಿದ್ದಾರೆ, ಅಣ್ಣಾ, ಇದ್ರಲ್ಲಿ ಯಾವ್ದು ತಗೊಳ್ಳುದು ಅಂತ. ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ, ಮೆಡಿಕಲ್‌ನಲ್ಲಿ ನೇತಾಡ್ತಾ ಇರ್ತದಲ್ಲ, ಅದು. ಇನ್ನೊಂದು ಜಿಪ್ ಇರುವ ಚಂದದ ಬ್ಯಾಗ್, ಮೇಲೆ 100 ಪೀಸ್ ಅಂತ ದೊಡ್ಡದಾಗಿ ಬರ್ದದ್ದು, ರೇಟೂ ಅದಕ್ಕೆ ತಕ್ಕ ಹಾಗೆ. ಇವರ ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ, ಒಂದು ಸಣ್ಣ ಮಗು, ಸುತ್ತ ಅಡಿಕೆ ತೋಟ, ಮಳೆಗಾಲದಲ್ಲಿ ಮೇನ್ ರೋಡಿಗೆ ಬಂದು ಮುಟ್ಲಿಕ್ಕೇ ಅರ್ಧ ಗಂಟೆ ಬೇಕಂತೆ.

ನನ್ನ ಉತ್ತರ, ಎರಡೂ ಬೇಡ. ಯಾಕೆ ಅಂತ ಹೇಳ್ತೇನೆ.

ಫಸ್ಟ್ ಏಡ್ ಅಂದ್ರೆ ಎಂತ, ಅದು ಯಾಕೆ ಬೇಕು, ಇದೆಲ್ಲ ಶಾಲೆಯಲ್ಲಿ ಸ್ಕೌಟ್ ಗೈಡ್‌ನವ್ರು ಹೇಳಿ ಆಗಿದೆ, ಅದನ್ನು ಹಾರಿಸುವ. ನನಗೆ ಮಂಡೆಬಿಸಿ ಮಾಡಿದ್ದು ಆ ಫೋಟೋದಲ್ಲಿದ್ದ ಬೇರೆ ಒಂದು ವಿಷಯ.

[ಸ್ಕ್ರೀನ್ ಮೇಲೆ: ಎರಡೂ ಡಬ್ಬಿಗಳ ಮುಚ್ಚಳ, ಕೆಂಪು ಕ್ರಾಸ್‌ಗೆ ಝೂಮ್]

ಎರಡರ ಮೇಲೂ ಬಿಳಿ ಬಣ್ಣದಲ್ಲಿ ಕೆಂಪು ಕ್ರಾಸ್. ನಿಮ್ಮ ಮನೆಯ ಡಬ್ಬಿ, ಶಾಲೆಯ ಡಬ್ಬಿ, ಬಸ್ಸಲ್ಲಿ ಡ್ರೈವರ್ ಹಿಂದೆ ಇರುವ ಡಬ್ಬಿ, ಎಲ್ಲದ್ರ ಮೇಲೂ ಇದೇ. ಅದು ಆಸ್ಪತ್ರೆಯ ಗುರ್ತು, ಮದ್ದಿನ ಗುರ್ತು ಅಂತ ನಾವು ತಿಳ್ಕೊಂಡಿದ್ದೇವೆ. ಅಲ್ಲ ಮಾರಾಯ್ರೆ! ಅದು ಯುದ್ಧದ ಗುರ್ತು. 1859ರಲ್ಲಿ ಇಟಲಿಯ ಸೊಲ್ಫೆರಿನೋದಲ್ಲಿ ದೊಡ್ಡ ಯುದ್ಧ ಆಗ್ತದೆ, ಅಲ್ಲಿ ಗಾಯ ಆದ ಸಾವಿರಾರು ಸೈನಿಕರು ಕೇಳುವವ್ರಿಲ್ಲದೆ ಬಿದ್ದುಕೊಂಡದ್ದನ್ನು ಹೆನ್ರಿ ಡ್ಯೂನಾಂಟ್ ಅಂತ ಒಬ್ಬ ಸ್ವಿಟ್ಜರ್ಲ್ಯಾಂಡಿನ ವ್ಯಾಪಾರಿ ನೋಡ್ತಾನೆ, ಅವನಿಂದ ಶುರುವಾದ ಓಡಾಟ 1864ರಲ್ಲಿ ಮೊದಲನೇ ಜಿನೀವಾ ಒಪ್ಪಂದಕ್ಕೆ ಬಂದು ನಿಲ್ತದೆ. ಆಗ ಬಂದದ್ದು ಈ ಗುರ್ತು. ಸ್ವಿಟ್ಜರ್ಲ್ಯಾಂಡಿನ ಬಾವುಟ ಕೆಂಪಲ್ಲಿ ಬಿಳಿ ಕ್ರಾಸ್ ಅಲ್ವಾ, ಅದರ ಬಣ್ಣ ಅದಲು ಬದಲು ಮಾಡಿದ್ರೆ ಇದು. ಇವನು ಗಾಯಾಳುಗಳನ್ನು ನೋಡ್ಕೊಳ್ಳುವವ, ಇವನಿಗೆ ಗುಂಡು ಹೊಡಿಬೇಡಿ, ಅಷ್ಟೇ ಅದರ ಅರ್ಥ.

ಹಾಗಾಗಿ ಅದನ್ನು ಯಾರೂ ಎಲ್ಲಿ ಬೇಕಾದ್ರೂ ಹಚ್ಚುವ ಹಾಗಿಲ್ಲ. ನಮ್ಮ ದೇಶದಲ್ಲಿ ಇದಕ್ಕೆ 1960ರ ಜಿನೀವಾ ಕನ್ವೆನ್ಷನ್ಸ್ ಆಕ್ಟ್ ಅಂತಲೇ ಒಂದು ಕಾನೂನು ಉಂಟು, ಕೇಂದ್ರ ಸರ್ಕಾರದ ಒಪ್ಪಿಗೆ ಇಲ್ಲದೆ ಈ ಗುರ್ತು ಬಳಸಿದ್ರೆ ಐನೂರು ರೂಪಾಯಿವರೆಗೆ ದಂಡ, ಗುರ್ತು ಹಾಕಿದ ಸಾಮಾನನ್ನೂ ಜಪ್ತಿ ಮಾಡ್ಬಹುದು. ಐನೂರು ರೂಪಾಯಿ! ಅದಕ್ಕೇ ಯಾರಿಗೂ ಹೆದರಿಕೆ ಇಲ್ಲ. ಫಸ್ಟ್ ಏಡ್‌ಗೆ ಅಂತ ಲೋಕದಲ್ಲೆಲ್ಲ ಒಪ್ಪಿದ ಗುರ್ತು ಬೇರೆಯೇ, ಹಸಿರು ಬಣ್ಣದಲ್ಲಿ ಬಿಳಿ ಕ್ರಾಸ್.

ಇದ್ರದ್ದೇ ಇನ್ನೊಂದು ಕಥೆ ಉಂಟು, ಎಡಿಟ್ ಮಾಡುವ ಹುಡುಗ ಇದನ್ನು ತೆಗೀರಿ ಸಾರ್ ಉದ್ದ ಆಯ್ತು ಅಂತ ಹೇಳ್ತಿದ್ದಾನೆ, ನಾನು ತೆಗೆಯುದಿಲ್ಲ. ಅಮೇರಿಕದ ಜಾನ್ಸನ್ ಅಂಡ್ ಜಾನ್ಸನ್ ಕಂಪೆನಿ 1887ರಿಂದಲೇ ತನ್ನ ಸಾಮಾನಿನ ಮೇಲೆ ಕೆಂಪು ಕ್ರಾಸ್ ಹಾಕ್ತಿತ್ತು, ಅಂದ್ರೆ ಅಲ್ಲಿ ಇದಕ್ಕೆ ಕಾನೂನು ಬರುವ ಮೊದಲೇ. ಹಾಗಾಗಿ ಅವರಿಗೆ ಹಳೇ ಹಕ್ಕು ಉಳೀತು. ಮತ್ತೆ ಎಂತ ಆಯ್ತು, ಅಮೇರಿಕನ್ ರೆಡ್ ಕ್ರಾಸ್‌ನವ್ರು ತಮ್ಮ ಗುರ್ತು ಇರುವ ಫಸ್ಟ್ ಏಡ್ ಕಿಟ್‌ಗಳನ್ನು ಅಂಗಡಿಗೆ ಬಿಡ್ಲಿಕ್ಕೆ ಕೊಟ್ರು, 2007ರಲ್ಲಿ ಈ ಕಂಪೆನಿ ಹೋಗಿ ರೆಡ್ ಕ್ರಾಸ್ ಮೇಲೆಯೇ ಕೇಸ್ ಹಾಕಿತು, ನೀವು ರೆಡ್ ಕ್ರಾಸ್ ಬಳಸ್ತಿದ್ದೀರಿ ಅಂತ! ಕೋರ್ಟಲ್ಲಿ ಕಂಪೆನಿ ವಾದ ಹೆಚ್ಚು ನಿಲ್ಲಲಿಲ್ಲ, ಮತ್ತೆ ರಾಜಿ ಆಯ್ತು.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣ ಉಂಟು. ಅಂಗಡಿಯಲ್ಲಿ ಸಿಗುವ ರೆಡಿ ಫಸ್ಟ್ ಏಡ್ ಕಿಟ್ ಅಂತ ಶುರು ಮಾಡಿದ್ದೇ ಇದೇ ಕಂಪೆನಿ, 1888ರಲ್ಲಿ. ಯಾರಿಗೆ? ರೈಲ್ವೆ ಹಳಿ ಹಾಕುವ ಕೆಲಸದವ್ರಿಗೆ. ಅವ್ರಿಗೇ ಯಾಕೆ ಅಂದ್ರೆ ಕೆಲಸ ಅಪಾಯದ್ದು, ಡಾಕ್ಟರ್ ಇರುದು ಎಷ್ಟೋ ಮೈಲಿ ಆಚೆ. ಕಿಟ್ ತೆಗೆಯುವಾಗ ಇವತ್ತಿಗೂ ಕೇಳ್ಬೇಕಾದ್ದು ಇಷ್ಟೇ, ನಿಮ್ಮಲ್ಲಿ ಯಾವ ತರದ ಗಾಯ ಆಗ್ತದೆ, ಡಾಕ್ಟರ್ ಎಷ್ಟು ದೂರ ಇದ್ದಾರೆ. ಬೆಂಗಳೂರಿನ ಫ್ಲಾಟಿಗೆ ಅಂತ ಮಾಡಿದ ಡಬ್ಬಿ ಬದಿಯಡ್ಕದ ತೋಟಕ್ಕೆ ಸರಿ ಆಗುದು ಹೇಗೆ?

ಈಗ ಆ 100 ಪೀಸ್ ವಿಷಯ. ಲಿಸ್ಟ್ ಓದಿ ನೋಡಿ, ಹೆಚ್ಚಿನದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಸಣ್ಣ ಸಣ್ಣ ಬ್ಯಾಂಡೇಜ್ ಪಟ್ಟಿ, ಮತ್ತೆ ಸ್ಪಿರಿಟ್ ಹಾಕಿದ ಒರೆಸುವ ಕಾಗದ, ಸೇಫ್ಟಿ ಪಿನ್ನೂ ಒಂದೊಂದು ಪೀಸ್, ಇಯರ್ ಬಡ್ಸೂ ಒಂದೊಂದು ಪೀಸ್. ಮದುವೆ ಊಟಕ್ಕೆ ನಲ್ವತ್ತು ಐಟಂ ಅಂತ ಹೇಳಿ ಉಪ್ಪು, ಉಪ್ಪಿನಕಾಯಿ, ನೀರಿನ ಬಾಟ್ಲಿ ಎಲ್ಲ ಲೆಕ್ಕಕ್ಕೆ ಸೇರ್ಸಿದ ಹಾಗೆ. ಕತ್ತಿ ತಾಗಿ ಕಾಲು ಸೀಳಿದವನಿಗೆ ಅಂಗೈ ಅಗಲದ ದಪ್ಪ ಗಾಜ್, ಅಂದ್ರೆ ಗಾಯದ ಮೇಲೆ ಇಡುವ ಜಾಳು ಬಟ್ಟೆ ಬೇಕು, ಅದು ಆ ಬ್ಯಾಗಲ್ಲಿ ಇದ್ರೂ ಒಂದೋ ಎರಡೋ.

[ಸ್ಕ್ರೀನ್ ಮೇಲೆ: ಮೇಜಿನ ಮೇಲೆ ಹರಡಿದ ಸಾಮಾನು]

ಹಾಗಾಗಿ ನಾನು ಹೇಳುದು, ಗಾಳಿ ಹೋಗದ ಮುಚ್ಚಳ ಇರುವ ಒಂದು ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ, ನಮ್ಮ ಮಳೆಗಾಲಕ್ಕೆ ಬಟ್ಟೆ ಬ್ಯಾಗ್ ಬೂಸ್ಟು ಹಿಡೀತದೆ. ಸಾಮಾನು ಬಿಡಿಬಿಡಿಯಾಗಿ ಮೆಡಿಕಲ್‌ನಲ್ಲಿ ಕೇಳಿ. ಸ್ಟೆರೈಲ್ ಗಾಜ್ ಪ್ಯಾಡ್, ದೊಡ್ಡ ಸೈಜಿನದ್ದು, ಧಾರಾಳ. ರೋಲರ್ ಬ್ಯಾಂಡೇಜ್, ಉಳುಕಿದ್ದಕ್ಕೆ ಕ್ರೇಪ್ ಬ್ಯಾಂಡೇಜ್, ಪೇಪರ್ ಟೇಪ್, ಗ್ಲೌಸ್, ತುದಿ ಚೂಪಿಲ್ಲದ ಕತ್ತರಿ, ಮುಳ್ಳು ತೆಗೀಲಿಕ್ಕೆ ಚಿಮಟ, ಪೊವಿಡೋನ್ ಅಯೋಡಿನ್ ಮುಲಾಮು, ಥರ್ಮಾಮೀಟರ್, ಓಆರ್‌ಎಸ್ ಪುಡಿ, ಪ್ಯಾರಸಿಟಮಾಲ್. ಸಣ್ಣ ಪಟ್ಟಿಗಳೂ ಇರ್ಲಿ, ಬೇಡ ಅಂತಲ್ಲ. ಕೈ ಮುರಿದ್ರೆ ಕುತ್ತಿಗೆಗೆ ನೇತು ಹಾಕ್ಲಿಕ್ಕೆ ತ್ರಿಕೋನದ ಬಟ್ಟೆ ಅಂತ ಮಾರ್ತಾರೆ, ಅದಕ್ಕೆ ಮನೆಯ ಬೈರಾಸು, ಅಂದ್ರೆ ಟವೆಲ್ ಸಾಕು.

ಹತ್ತಿಯನ್ನು ಮಾತ್ರ ಗಾಯದ ಮೇಲೆ ನೇರ ಇಡ್ಬೇಡಿ, ಎಳೆ ಅಂಟ್ತದೆ, ಮತ್ತೆ ಕೀಳುವಾಗ ಪುನಃ ರಕ್ತ. ಡೆಟ್ಟಾಲ್ ಹಾಗೆಯೇ ಸುರಿಯುದೂ ಬೇಡ, ಸಣ್ಣ ಗಾಯ ತೊಳೀಲಿಕ್ಕೆ ಶುದ್ಧ ನೀರು ಸಾಕು. ರಕ್ತ ಜೋರು ಬರ್ತಾ ಇದ್ರೆ ತೊಳೆಯುದೂ ಇಲ್ಲ, ಗಾಜ್ ಇಟ್ಟು ಗಟ್ಟಿ ಒತ್ತಿ ಹಿಡಿಯುದು. ಹತ್ತು ನಿಮಿಷ. ನಮ್ಮವ್ರು ಮಾಡುದು ಎಂತ, ಅರ್ಧ ನಿಮಿಷಕ್ಕೊಮ್ಮೆ ಎತ್ತಿ ನೋಡುದು, ನಿಂತಿತಾ ಅಂತ. ಎತ್ತಿದ್ರೆ ನಿಲ್ಲುದಿಲ್ಲ! ಗಾಜ್ ಒದ್ದೆ ಆದ್ರೆ ಅದರ ಮೇಲೆಯೇ ಇನ್ನೊಂದು ಇಟ್ಟು ಒತ್ತಿ, ಹಾಗೇ ಗಾಡಿ ಹತ್ತಿಸಿ.

ಇನ್ನು ಹೆಚ್ಚಿನ ರೆಡಿ ಕಿಟ್ಟಲ್ಲಿ ಇಲ್ಲದ, ಆದ್ರೆ ತೋಟದ ಮನೆಯಲ್ಲಿ ಇರ್ಲೇಬೇಕು ಅಂತ ನಾನು ಹಟ ಹಿಡಿಯುವ ಸಾಮಾನು ಒಂದು ಉಂಟು, ಅರ್ಧ ಲೀಟರಿನ ನಾರ್ಮಲ್ ಸಲೈನ್, ಅಂದ್ರೆ ಶುದ್ಧ ಉಪ್ಪುನೀರಿನ ಬಾಟ್ಲಿ. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಸಮಯ ನೆನಪು ಮಾಡ್ಕೊಳ್ಳಿ. ಆ ಮದ್ದು ಬೋರ್ಡೋ ದ್ರಾವಣ, ಒಂದು ಪರ್ಸೆಂಟಿನದ್ದು ಅಂದ್ರೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮರದ ಮೇಲಿಂದ ಬಿಡುವಾಗ ಕೆಳಗೆ ಪೈಪ್ ಹಿಡಿದವ ಮೇಲೆ ನೋಡ್ತಾನೆ, ಹನಿ ಸೀದಾ ಕಣ್ಣಿಗೆ. ಸುಣ್ಣ ಕಣ್ಣಿಗೆ ಬಿದ್ರೆ ಅದು ಒಳಗೊಳಗೇ ಸುಡ್ತಾ ಹೋಗ್ತದೆ, ಸುಣ್ಣದ ತಿಳಿ ಕಲಸುವಾಗ ಹಾರಿದ್ರೆ ಇನ್ನೂ ಕಷ್ಟ. ಆಗ ಕಣ್ಣುಜ್ಜಿಕೊಂಡು ಮನೆಯವರೆಗೆ ನಡ್ಕೊಂಡು ಬರುದಲ್ಲ, ಅಲ್ಲೇ, ಆ ಕ್ಷಣ, ಕಣ್ಣು ಬಿಡಿಸಿ ತೊಳೀಬೇಕು, ಕಡಿಮೆ ಅಂದ್ರೂ ಹದಿನೈದು ಇಪ್ಪತ್ತು ನಿಮಿಷ. ಸಲೈನ್ ಖಾಲಿ ಆದ್ರೆ ಕುಡಿಯುವ ನೀರು, ಅದೂ ಇಲ್ಲದಿದ್ರೆ ಸ್ಪ್ರಿಂಕ್ಲರ್ ಪೈಪಿನ ನೀರಾದ್ರೂ ಆಗ್ತದೆ, ತಡ ಮಾಡುದಕ್ಕಿಂತ ಒಳ್ಳೇದು. ಮತ್ತೆ ಕಣ್ಣಿನ ಡಾಕ್ಟರ್ ಹತ್ರ ಹೋಗುದೇ. ಹಾಗಾಗಿ ಈ ಬಾಟ್ಲಿ ಮನೆಯ ಕಪಾಟಲ್ಲಿ ಅಲ್ಲ, ಮದ್ದಿನ ಡ್ರಮ್ಮಿನ ಹತ್ರ ಇರ್ಬೇಕು. ಜೊತೆಗೆ ಒಂದು ಕನ್ನಡಕ ಹಾಕಿದ್ರೆ ಬಾಟ್ಲಿ ತೆರೆಯುವ ಕೆಲಸವೇ ಇಲ್ಲ, ಆದ್ರೆ ಅದನ್ನು ಹಾಕು ಅಂತ ಅಡಿಕೆ ಮರ ಹತ್ತುವ ನಮ್ಮ ಕೊನೆಗಾರರಿಗೆ ಹೇಳಿ ನೋಡಿ, ನಿಮ್ಮನ್ನೇ ಒಂದು ತರ ನೋಡ್ತಾರೆ.

ಹುಲ್ಲು ಹೆರೆಯುವ ಮೆಷಿನ್ನು, ಅಡಿಕೆ ಸುಲಿಯುವ ಮೆಷಿನ್ನು ಇರುವವ್ರಿಗೆ ಒಂದು ಮಾತು. ಬೆರಳು ತುಂಡಾದ್ರೆ ಅದನ್ನು ಐಸ್ ಮೇಲೆ ನೇರ ಇಡುದಲ್ಲ. ಒದ್ದೆ ಗಾಜಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ, ಆ ಕವರನ್ನು ಐಸ್ ನೀರಲ್ಲಿ ಇಡುದು. ಡಬ್ಬಿಯಲ್ಲಿ ಎರಡು ಜಿಪ್ ಕವರ್ ಹಾಕಿಡಿ.

ಹಾವಿಗೆ? ಹಾವಿಗೆ ಅಂತ ಡಬ್ಬಿಯಲ್ಲಿ ಎಂತದ್ದೂ ಇಲ್ಲ. ಆನ್‌ಲೈನಲ್ಲಿ ವಿಷ ಹೀರುವ ಪಂಪು ಅಂತ ಮಾರ್ತಾರೆ, ದಂಡ. ಬಿಗಿಯಾಗಿ ಕಟ್ಟುದು, ಕೊಯ್ಯುದು, ಚೀಪುದು ಯಾವ್ದೂ ಬೇಡ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೀರಿ, ಬಾವು ಬಂದ್ರೆ ಮತ್ತೆ ಬರುದಿಲ್ಲ. ಕಚ್ಚಿದ ಕೈಯೋ ಕಾಲೋ ಅಲ್ಲಾಡದ ಹಾಗೆ ಒಂದು ಕೋಲು ಇಟ್ಟು ಸಡಿಲ ಕಟ್ಟಿ, ನಡೆಸಬೇಡಿ, ಎತ್ತಿಕೊಂಡು ಹೋಗಿ. ಹಾವಿನ ವಿಷ ಇಳಿಸುವ ಮದ್ದಿಗೆ ಆಂಟಿವೆನಮ್ ಅಂತ ಹೇಳುದು, ನಮ್ಮಲ್ಲಿ ಸಿಗುವಂಥದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು, ಅದು ಇರುದು ಆಸ್ಪತ್ರೆಯಲ್ಲಿ. ಎಲ್ಲ ಆಸ್ಪತ್ರೆಯಲ್ಲೂ ಇರುದಿಲ್ಲ, ಹಾಗಾಗಿ ಹತ್ತಿರದ್ದು ಯಾವ ಆಸ್ಪತ್ರೆಯಲ್ಲಿ ಉಂಟು ಅಂತ ಇವತ್ತೇ ಫೋನ್ ಮಾಡಿ ಕೇಳಿ, ಆ ನಂಬರ್ ಮುಚ್ಚಳದ ಒಳಗೆ ಅಂಟಿಸಿ. ಗಡಿ ದಾಟಿ ಮಂಗಳೂರಿಗೆ ಓಡುದು ನಮಗೆ ಅಭ್ಯಾಸ, ಹಾವಿನ ವಿಷಯದಲ್ಲಿ ಮಾತ್ರ ದೊಡ್ಡ ಆಸ್ಪತ್ರೆಗಿಂತ ಮದ್ದು ಇರುವ ಹತ್ತಿರದ ಆಸ್ಪತ್ರೆ ಮೊದಲು.

ಸುಟ್ಟದ್ದಕ್ಕೆ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು. ಟೂತ್‌ಪೇಸ್ಟ್ ಬೇಡ, ಐಸ್ ಬೇಡ, ಅಜ್ಜಿಯ ಎಣ್ಣೆಯೂ ಬೇಡ, ಅಜ್ಜಿ ಕ್ಷಮಿಸ್ಲಿ.

ಟೈಮ್ ಆಗ್ತಾ ಬಂತು, ಗಾಡಿಯದ್ದು ಬೇಗ ಹೇಳ್ತೇನೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಒಳಗೆ ಮಾತ್ರೆ ಹಾಳು, ಮುಲಾಮು ನೀರು, ಪಟ್ಟಿಯ ಅಂಟು ಬಿಡ್ತದೆ. ಹಾಗಾಗಿ ಮಾತ್ರೆ ಇಡ್ಬೇಡಿ. ಗಾಜ್, ರೋಲರ್, ಗ್ಲೌಸ್, ಕತ್ತರಿ, ಟಾರ್ಚ್ ಸಾಕು, ಅದೂ ಡಿಕ್ಕಿಯಲ್ಲಿ ಅಕ್ಕಿ ಗೋಣಿ ಅಡಿಯಲ್ಲಿ ಅಲ್ಲ, ಹಿಂದಿನಿಂದ ಯಾರಾದ್ರೂ ಗುದ್ದಿದ್ರೆ ಡಿಕ್ಕಿ ತೆರೆಯುದೇ ಇಲ್ಲ. ಸೀಟಿನ ಕೆಳಗೆ ಇಡಿ. ತಲಪಾಡಿಯಿಂದ ಈಚೆ ಹೈವೇಯಲ್ಲಿ ಬಿದ್ದವ್ರನ್ನು ಕಂಡು ಪೊಲೀಸ್ ಕೇಸ್ ಆಗ್ತದೆ ಅಂತ ಗಾಡಿ ನಿಲ್ಲಿಸದೆ ಹೋಗುವವ್ರು ಇದ್ದಾರೆ, 2019ರಲ್ಲಿ ಮೋಟಾರ್ ವಾಹನ ಕಾನೂನಿಗೆ 134ಎ ಅಂತ ಸೇರ್ಸಿದ್ದಾರೆ, ಒಳ್ಳೇ ಮನಸ್ಸಿಂದ ಸಹಾಯ ಮಾಡಿದವ್ರ ಮೇಲೆ ಅದಕ್ಕಾಗಿ ಕೇಸ್ ಹಾಕುವ ಹಾಗಿಲ್ಲ. 108ಕ್ಕೆ ಫೋನ್ ಮಾಡಿ, ಗಾಜ್ ಒತ್ತಿ ಹಿಡೀರಿ.

ಕೆಲಸದ ಜಾಗ. 1948ರ ಫ್ಯಾಕ್ಟರೀಸ್ ಆಕ್ಟ್ 45ನೇ ಸೆಕ್ಷನ್‌ನಲ್ಲಿ 150 ಜನ ಕೆಲಸಗಾರರಿಗೆ ಕಡಿಮೆ ಅಂದ್ರೂ ಒಂದು ಡಬ್ಬಿ, ಅದಕ್ಕೆ ಫಸ್ಟ್ ಏಡ್ ಸರ್ಟಿಫಿಕೇಟ್ ಇರುವ ಒಬ್ಬ ಜವಾಬ್ದಾರಿ ಮನುಷ್ಯ ಅಂತ ಬರ್ದಿದ್ರು, ಹೇಳಿದ ಸಾಮಾನು ಬಿಟ್ಟು ಬೇರೆಂತದ್ದೂ ಅದರಲ್ಲಿ ಇಡ್ಬಾರ್ದು ಅಂತಲೂ ಸೇರ್ಸಿದ್ರು. ಅದನ್ನು ಬರೆದವ್ರಿಗೆ ನಮ್ಮ ಆಫೀಸುಗಳ ಡಬ್ಬಿ ಗೊತ್ತಿತ್ತು ಅಂತ ಕಾಣ್ತದೆ, ತೆರೆದ್ರೆ ಬೀಗದ ಕೈ, ಸ್ಟೇಪ್ಲರ್ ಪಿನ್ನು, ಯಾರದ್ದೋ ಬಂಗಾರದ ಲೋನಿನ ಚೀಟಿ. ಹತ್ತು ಜನ ಇರುವ ಗೇರುಬೀಜದ ಶೆಡ್ಡಾದ್ರೂ ಡಬ್ಬಿ ನೋಡ್ಕೊಳ್ಳುವವ ಇಂಥವನೇ ಅಂತ ಹೆಸರು ಹೇಳಿ ಇಡಿ. ಒಳಗಿನ ಸೂಚನೆ ಚೀಟಿ ಇಂಗ್ಲಿಷಲ್ಲಿ ಇರ್ತದೆ, ಸಪ್ತಭಾಷೆಯ ಊರು ಅಂತ ನಾವು ಎದೆ ತಟ್ಟಿಕೊಳ್ಳುದು, ಆ ಏಳರಲ್ಲಿ ಒಂದರಲ್ಲೂ ಅದು ಇಲ್ಲ. ಕನ್ನಡ, ಮಲಯಾಳ, ಜೊತೆಗೆ ನಿಮ್ಮಲ್ಲಿ ಹಿಂದಿಯವ್ರು ಕೆಲಸಕ್ಕಿದ್ರೆ ಹಿಂದಿ, ನಾಲ್ಕು ಗೆರೆ ಕೈಯಲ್ಲಿ ಬರ್ದು ಅಂಟಿಸಿ.

ಉಳಿದದ್ದು ಒಟ್ಟಿಗೆ. ಮಳೆಗಾಲದ ಜ್ವರ ಡೆಂಗ್ಯೂ ಆಗಿರ್ಬಹುದು, ಅದಕ್ಕೆ ಪ್ಯಾರಸಿಟಮಾಲ್ ಮಾತ್ರ, ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಅಪ್ಪ ಅಮ್ಮನಿಗೆ ಎದೆನೋವು ಬಂದ್ರೆ ಎಂತ ಕೊಡ್ಬೇಕು ಅಂತ ಅವರ ಡಾಕ್ಟರ್ ಹತ್ರ ಈಗಲೇ ಕೇಳಿ ಬರ್ಸಿಕೊಳ್ಳಿ, ವಾಟ್ಸಾಪ್ ನೋಡಿ ಮಾತ್ರೆ ತುಂಬಿಸ್ಬೇಡಿ. ಓಆರ್‌ಎಸ್ ಪ್ಯಾಕೆಟ್ ಒಂದು ಲೀಟರಿನದ್ದೂ ಉಂಟು, ಒಂದು ಗ್ಲಾಸಿನದ್ದೂ ಉಂಟು, ಹಿಂದೆ ಓದಿಯೇ ಕಲಸಿ. ಡಬ್ಬಿಗೆ ಬೀಗ ಬೇಡ, ಮಗುವಿನ ಕೈಗೆ ಸಿಗದ ಎತ್ತರ ಸಾಕು. ಗಾಜಿಗೂ ಗ್ಲೌಸಿಗೂ ಎಕ್ಸ್‌ಪೈರಿ ಡೇಟ್ ಉಂಟು, ಏಪ್ರಿಲ್‌ನ ಬಿಸು ಹಬ್ಬಕ್ಕೆ ಒಮ್ಮೆ, ದೀಪಾವಳಿಗೆ ಒಮ್ಮೆ ತೆರೆದು ನೋಡಿ. ಮಕ್ಕಳ ಸಿರಪ್ ಆದ್ರೆ ಅದು ಸಾಲದು, ಮುಚ್ಚಳ ತೆರೆದ ತಾರೀಕನ್ನು ಬಾಟ್ಲಿ ಮೇಲೆ ಪೆನ್ನಲ್ಲಿ ಬರ್ದಿಡಿ.