ಗಾಳಿಗೆ ಆಸೆಪಟ್ಟವನು

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಒಬ್ಬ ವಿಲನ್ ಬಗ್ಗೆ ಮಾತಾಡುತ್ತೇನೆ. ಪುರಾಣದವನಲ್ಲ, ಸಿನಿಮಾದವನೂ ಅಲ್ಲ. ವಿಡಿಯೊ ಗೇಮಿನವನು. ಹೆಸರು ಗ್ಯಾನನ್‌ಡಾರ್ಫ್. ಜಪಾನಿನ ನಿಂಟೆಂಡೊ ಕಂಪನಿ 1986ರಲ್ಲಿ ಶುರು ಮಾಡಿದ ‘ಲೆಜೆಂಡ್ ಆಫ್ ಜೆಲ್ಡಾ’ ಆಟಗಳಲ್ಲಿ ಬರುತ್ತಾನೆ. ಹೈರೂಲ್ ಎಂಬ ರಾಜ್ಯ, ಜೆಲ್ಡಾ ಎಂಬ ರಾಜಕುಮಾರಿ, ಕತ್ತಿ ಹಿಡಿದ ಲಿಂಕ್ ಎಂಬ ಹುಡುಗ, ಮತ್ತೆ ಆ ರಾಜ್ಯವನ್ನು ನುಂಗಲು ಹೊಂಚು ಹಾಕಿರುವ ಇವನು. ಆಟ ಆಡದವರಿಗೆ ಇಷ್ಟು ಗೊತ್ತಿದ್ದರೆ ಸಾಕು.

2002ರ ಕೊನೆಯಲ್ಲಿ ಜಪಾನಿನಲ್ಲಿ ‘ವಿಂಡ್ ವೇಕರ್’ ಅನ್ನುವ ಆಟ ಬಂತು. ನನ್ನ ಕೈಗೆ ಅದು ಸಿಕ್ಕಿದ್ದು ತುಂಬ ತಡವಾಗಿ. ಮೊದಲ ಸಲ ಆಡಿದಾಗ ಯಾರು ಬಾಯಿ ತೆರೆದರೂ ಬಟನ್ ಒತ್ತಿ ಮುಂದೆ ಓಡಿಸಿದೆ. ಮಾತು ಯಾರಿಗೆ ಬೇಕು, ಹೊಡೆದಾಟ ಬೇಕಿತ್ತು. ಹಾಗಾಗಿ ಇಡೀ ಆಟದಲ್ಲೇ ಚೆನ್ನಾಗಿರುವ ಮಾತು ತಪ್ಪಿಹೋಗಿತ್ತು. ಎರಡನೇ ಸಲ ಆಡುವಾಗ ಹೆಬ್ಬೆರಳು ನೋಯುತ್ತಿತ್ತು. ಸುಮ್ನೆ ಕೂತು ಓದಿದೆ.

ಆಟದ ಕೊನೆಯ ಭಾಗ ಅದು. ಹೈರೂಲ್ ಸಮುದ್ರದ ತಳದಲ್ಲಿದೆ. ಇವನನ್ನು ತಡೆಯಲು ಬೇರೆ ದಾರಿ ಕಾಣದೆ ದೇವತೆಗಳೇ ಮಳೆ ಸುರಿಸಿ ರಾಜ್ಯವನ್ನು ಮುಳುಗಿಸಿದ್ದಾರೆ. ಬೆಟ್ಟ ಹತ್ತಿ ಬದುಕಿಕೊಂಡವರ ಮಕ್ಕಳು ಮೊಮ್ಮಕ್ಕಳು ಮೇಲೆ ಸಣ್ಣ ಸಣ್ಣ ದ್ವೀಪಗಳಲ್ಲಿದ್ದಾರೆ. ಕೆಳಗೆ, ಗೋಪುರದ ತುದಿಯಲ್ಲಿ, ಗ್ಯಾನನ್‌ಡಾರ್ಫ್ ನಮಗೆ ಬೆನ್ನು ಹಾಕಿ ನಿಂತಿದ್ದಾನೆ. ತನ್ನ ಊರಿನ ಸುದ್ದಿ ಹೇಳುತ್ತಾನೆ. ನನ್ನ ನಾಡು ಮರಳುಗಾಡು. ಹಗಲು ಬೀಸುವ ಗಾಳಿ ಸುಡುತ್ತಿತ್ತು, ರಾತ್ರಿ ಬೀಸುವ ಗಾಳಿ ಕೊರೆಯುತ್ತಿತ್ತು, ಎರಡೂ ತರುತ್ತಿದ್ದದ್ದು ಸಾವನ್ನೇ. ಹೈರೂಲಿನ ಹಸಿರು ಬಯಲಿನ ಗಾಳಿ ಹಾಗಿರಲಿಲ್ಲ. ಆ ಗಾಳಿಗೆ ನಾನು ಆಸೆಪಟ್ಟೆನೋ ಏನೋ. ಇದು ಅವನ ಮಾತಿನ ಸಾರ.

ಓದಿ ಕೈ ನಿಂತುಬಿಟ್ಟಿತು. ಇಷ್ಟು ದಿನ ನಾನು ಹೊಡೆಯುತ್ತಿದ್ದದ್ದು ಒಳ್ಳೆ ಗಾಳಿಗೆ ಆಸೆಪಟ್ಟವನನ್ನಾ?

ಆಮೇಲೆ ಬಹಳ ದಿನ ನಾನು ಅವನ ಪರ ವಕೀಲಿ ಮಾಡಿದೆ. ನಮಗೇನು ಇದು ಹೊಸತಲ್ಲ. ದುರ್ಯೋಧನನಿಗಾಗಿ ಕರಗಿದ ಕವಿಗಳು ಸಾವಿರ ವರ್ಷದ ಹಿಂದೆಯೇ ನಮ್ಮಲ್ಲಿದ್ದರು. ಇನ್ನು ಸಾಕ್ಷಿ ಬೇಕಿದ್ದರೆ, ಹೈರೂಲ್ ಮುಳುಗುವ ಮುಂಚಿನ ಕಥೆ ಹೇಳುವ 1998ರ ‘ಆಕರಿನಾ ಆಫ್ ಟೈಮ್’ ಆಟದಲ್ಲಿ ಬೇಕಾದಷ್ಟಿದೆ. ಇವನದು ಗೆರುಡೊ ಕುಲ. ಎಲ್ಲ ಹೆಂಗಸರು. ನೂರು ವರ್ಷಕ್ಕೆ ಒಬ್ಬನೇ ಗಂಡು ಹುಟ್ಟುತ್ತಾನೆ, ಹುಟ್ಟಿದವನು ರಾಜ. ಮರಳುಗಾಡಿನ ಅಂಚಿನಲ್ಲಿ ಕಲ್ಲಿನ ಗೂಡುಗಳಂಥ ಮನೆ, ಕಳ್ಳತನವೇ ಕಸುಬು. ಇತ್ತ ಹೈರೂಲ್ ಕೂಡ ಹಾಲಿನಲ್ಲಿ ತೊಳೆದದ್ದಲ್ಲ. ಅದು ಒಂದು ರಾಜ್ಯವಾದದ್ದು ದೊಡ್ಡ ಯುದ್ಧವಾದ ಮೇಲೆ. ನೆಲದಡಿಯ ಒಂದು ಗುಡಿಯಲ್ಲಿ, ಇಲ್ಲಿರುವುದು ಹೈರೂಲಿನ ದುರಾಸೆಯ, ದ್ವೇಷದ ರಕ್ತಸಿಕ್ತ ಚರಿತ್ರೆ ಅಂತ ಆಟವೇ ಹೇಳುತ್ತದೆ. ಕೆಲವರಿಗೆ ಹುಲ್ಲುಗಾವಲು, ಕೆಲವರಿಗೆ ಮರಳು. ಹಂಚಿದವರು ಯಾರು ಅಂತ ಮಾತ್ರ ಆಟ ಬಾಯಿ ಬಿಡುವುದಿಲ್ಲ.

ವಕೀಲಿ ಬಿಟ್ಟದ್ದು ಹಳೆಯ ಆಟವನ್ನು ಮತ್ತೆ ಆಡಿದಾಗ.

ಅದರಲ್ಲಿ ಗೊರಾನ್ ಅಂತ ಒಂದು ಜನ. ಬೆಟ್ಟದ ಮೇಲೆ ಇರುತ್ತಾರೆ, ಕಲ್ಲು ತಿನ್ನುತ್ತಾರೆ. ಹೌದು, ಕಲ್ಲೇ ಅವರ ಅನ್ನ. ಅವರಿಗೆ ರುಚಿಯಾದ ಕಲ್ಲು ಸಿಗುವುದು ಒಂದೇ ಗವಿಯಲ್ಲಿ. ಗ್ಯಾನನ್‌ಡಾರ್ಫ್ ಅವರ ಹತ್ತಿರ ಇದ್ದ ಮಾಣಿಕ್ಯ ಕೇಳಿದ, ಅವರು ಕೊಡಲಿಲ್ಲ. ಗವಿಯ ಬಾಯಿಗೆ ದೊಡ್ಡ ಬಂಡೆ ಮುಚ್ಚಿ ಹೋದ. ಲಿಂಕ್ ಅಲ್ಲಿಗೆ ಹೋಗುವ ಹೊತ್ತಿಗೆ ಗೊರಾನರು ಹೊಟ್ಟೆಗಿಲ್ಲದೆ ಮುದುರಿ ಕೂತಿರುತ್ತಾರೆ. ಹಸಿವು ಅಂದರೇನು ಅಂತ ಗೊತ್ತಿದ್ದವನು ಮಾಡಿದ ಕೆಲಸ ಇದು.

ಮುಂದೆ ಅವನು ಗೆಲ್ಲುತ್ತಾನೆ. ಏಳು ವರ್ಷ ಹೈರೂಲ್ ಅವನ ಕೈಯಲ್ಲಿರುತ್ತದೆ. ಆ ಏಳು ವರ್ಷ ಅವನೇನು ಮಾಡಿದ ನೋಡಿ. ನೀರಿನಲ್ಲಿ ಬಾಳುವ ಝೋರಾ ಜನರ ಊರು ಮಂಜುಗಟ್ಟಿದೆ. ಗೊರಾನರ ಬೆಟ್ಟದ ತಲೆಯ ಸುತ್ತ ಬೆಂಕಿಯ ಬಳೆ. ಒಂದು ಕಡೆ ಕೊರೆತ, ಒಂದು ಕಡೆ ಸುಡು. ತನ್ನ ಮರಳುಗಾಡಿನ ಎರಡೂ ಗಾಳಿಯನ್ನು ತಂದು ಬೇರೆಯವರ ಮನೆಗೆ ಬಿಟ್ಟಿದ್ದಾನೆ.

ಸರಿ, ಅವರು ಶತ್ರುಗಳು ಅನ್ನೋಣ. ಅವನ ಸ್ವಂತ ಜನ? ಏಳು ವರ್ಷ ಕಳೆದ ಮೇಲೆ ಲಿಂಕ್ ಗೆರುಡೊ ಕಣಿವೆಗೆ ಹೋಗುತ್ತಾನೆ. ಆ ಹೆಂಗಸರು ಅದೇ ಕಲ್ಲಿನ ಗೂಡುಗಳಲ್ಲಿದ್ದಾರೆ. ಈಟಿ ಹಿಡಿದು, ಅದೇ ಬಿಸಿಲಿನಲ್ಲಿ, ಅದೇ ಕಾವಲು. ಹಸಿರು ಬಯಲು ಪೂರ್ತಿ ರಾಜನದ್ದೇ, ಆದರೆ ಒಬ್ಬಳನ್ನೂ ಕರೆದು ಅಲ್ಲಿ ಗುಡಿಸಲು ಹಾಕಿಕೊಳ್ಳಿ ಅಂದಿಲ್ಲ. ಅವನು ಅಂದು ಆಡಿದ ಮಾತನ್ನು ಈಗ ಮತ್ತೆ ಕೇಳಿ. ‘ನನ್ನ ನಾಡು’ ಅಂತ ಶುರು ಮಾಡಿದ, ‘ನಾನು ಆಸೆಪಟ್ಟೆ’ ಅಂತ ಮುಗಿಸಿದ. ಮಧ್ಯದಲ್ಲಿ ಜನ ಎಲ್ಲೋ ಉದುರಿಹೋದರು.

ಇದನ್ನು ಮೊದಲೇ ಹೇಳಿದವಳು ನಬೂರು. ಅವಳೂ ಗೆರುಡೊ, ಅವಳೂ ಕಳ್ಳಿ. ಆದರೆ ಹೆಂಗಸರ, ಮಕ್ಕಳ ಹತ್ತಿರವೂ ಕದಿಯುವ, ಜನರನ್ನು ಕೊಲ್ಲುವ ಆ ಮನುಷ್ಯನ ಕಡೆಯವಳು ತಾನಲ್ಲ ಅಂತ ಲಿಂಕ್‌ಗೆ ಮುಖಕ್ಕೇ ಹೇಳುತ್ತಾಳೆ. ಅದಕ್ಕೆ ಸಿಕ್ಕಿದ್ದೇನು? ರಾಜನನ್ನು ಸಾಕಿದ ಇಬ್ಬರು ಮಾಟಗಾತಿ ಮುದುಕಿಯರು ಅವಳ ತಲೆ ಕೆಡಿಸಿ, ಕಬ್ಬಿಣದ ಕವಚದೊಳಗೆ ತುಂಬಿ ಕಾವಲಿಗೆ ನಿಲ್ಲಿಸುತ್ತಾರೆ. ಕೊನೆಗೆ ಅವಳು ಅದರಿಂದ ಹೊರಬಂದು, ಲಿಂಕ್‌ಗೆ ನೆರವಾಗುವ ಋಷಿಗಳಲ್ಲಿ ಒಬ್ಬಳಾಗುತ್ತಾಳೆ.

‘ವಿಂಡ್ ವೇಕರ್’ನಲ್ಲೂ ಚಾಳಿ ಬಿಟ್ಟಿಲ್ಲ. ಕಿವಿ ಉದ್ದ ಇದೆ ಅನ್ನುವ ಒಂದೇ ಕಾರಣಕ್ಕೆ, ಇವಳೇ ಜೆಲ್ಡಾ ಇರಬಹುದು ಅಂತ, ದೈತ್ಯ ಹಕ್ಕಿಯಿಂದ ಮೂವರು ಹುಡುಗಿಯರನ್ನು ಎತ್ತಿಸಿ ಬಂದೀಖಾನೆಗೆ ಹಾಕಿದ್ದಾನೆ. ಅದರಲ್ಲಿ ಒಬ್ಬಳು ಲಿಂಕ್‌ನ ಪುಟ್ಟ ತಂಗಿ.

ಹಾಗಂತ ಅವನ ದುಃಖ ಸುಳ್ಳು ಅನ್ನುತ್ತಿಲ್ಲ. ಅದು ನಿಜ. ಆದರೆ ಅದು ಅವನೊಬ್ಬನದಲ್ಲ. ಇಡೀ ಕುಲದ ನೋವನ್ನು ಒಬ್ಬನೇ ಮೈಮೇಲೆ ಹೊದ್ದುಕೊಂಡು, ಅದರ ಲಾಭವನ್ನೂ ತಾನೇ ಇಟ್ಟುಕೊಂಡ. ನನ್ನ ಲೆಕ್ಕದಲ್ಲಿ ಬಲಿಪಶು ಗೆರುಡೊ ಹೆಂಗಸರು. ಮೊದಲು ಮರಳಿನಿಂದ, ಆಮೇಲೆ ತಮ್ಮ ರಾಜನಿಂದ. ‘ವಿಂಡ್ ವೇಕರ್’ನ ಆ ಸಮುದ್ರದಲ್ಲಿ ದೋಣಿಯಲ್ಲಿ ಎಷ್ಟು ಸುತ್ತಿದರೂ ಒಬ್ಬ ಗೆರುಡೊ ಹೆಂಗಸೂ ಕಾಣುವುದಿಲ್ಲ. ಅವರೇನಾದರು ಅಂತ ಗ್ಯಾನನ್‌ಡಾರ್ಫ್ ಕೂಡ ಕೇಳುವುದಿಲ್ಲ. ಕೊನೆಯಲ್ಲಿ ಹಣೆಗೆ ಕತ್ತಿ ನಾಟಿ ಕಲ್ಲಾಗುವಾಗಲೂ ಅವನ ಬಾಯಲ್ಲಿ ಬರುವುದು ಗಾಳಿಯ ಮಾತೇ.

ಆದರೆ ಒಂದು ಕಡೆ ಒಬ್ಬಳಿದ್ದಾಳೆ. ಮುಳುಗಿದ ಅರಮನೆಯ ಕೆಳಗೆ ಮಾಸ್ಟರ್ ಸ್ವೋರ್ಡ್ ಎಂಬ ದಿವ್ಯ ಕತ್ತಿ ಇಟ್ಟಿರುವ ಕೋಣೆ. ಕಾಲ ಅಲ್ಲಿ ನಿಂತುಹೋಗಿದೆ, ಎಲ್ಲ ಕಪ್ಪು ಬಿಳುಪು. ಗೋಡೆಯಲ್ಲಿ ಗಾಜಿನ ಕಿಟಕಿಗಳು, ಅವುಗಳಲ್ಲಿ ಹಳೆಯ ಋಷಿಗಳ ಚಿತ್ರ. ಕತ್ತಿ ಕಿತ್ತರೆ ಬಣ್ಣ ಮರಳಿ ಬರುತ್ತದೆ. ಮೊದಲೆರಡು ಸಲ ನಾನು ಕತ್ತಿ ಸಿಕ್ಕಿದ ಖುಷಿಯಲ್ಲಿ ಓಡಿದ್ದೆ. ಈ ಸಲ ಓಡಲಿಲ್ಲ. ಕ್ಯಾಮೆರಾ ತಿರುಗಿಸಿ ಒಂದೊಂದೇ ಕಿಟಕಿ ನೋಡಿದೆ. ಅಲ್ಲಿ ನಬೂರು ಇದ್ದಳು.

ನಮಸ್ಕಾರ.