ಯಾರೂ ಕರೆಯದ ಹುಡುಗರು

ಕೇಳುಗರಿಗೆ ನಮಸ್ಕಾರ.

ಅಮೆರಿಕದವರ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡವುವ ಆಟ. ಅಲ್ಲಿನ ವಿಶ್ವವಿದ್ಯಾಲಯಗಳು ಈ ಆಟಕ್ಕೆಂದೇ ಹೈಸ್ಕೂಲು ಹುಡುಗರನ್ನು ಹುಡುಕಿ, ಓದಿನ ಖರ್ಚು ತಾವೇ ಹೊತ್ತು ಸೇರಿಸಿಕೊಳ್ಳುತ್ತವೆ. ಆ ಹುಡುಕಾಟದಲ್ಲಿ ಕಣ್ತಪ್ಪಿದವರ ಬಗ್ಗೆ ಇವತ್ತಿನ ಮಾತು.

ಹುಡುಗರಿಗೆ ನಕ್ಷತ್ರ ಕೊಡುವ ಸಂಸ್ಥೆಗಳು ಅಲ್ಲಿವೆ. ಐದು ನಕ್ಷತ್ರ ಪಡೆದವನ ಮನೆಗೆ ಕೋಚ್‌ಗಳು ಸಾಲುಗಟ್ಟುತ್ತಾರೆ. ಈ ಪಟ್ಟಿಗಳನ್ನು ನಾನು ಹಳಿಯುವುದಿಲ್ಲ. ಮೇಲಿನ ಸಾಲಿನವರು ವೃತ್ತಿಪರ ಆಟ ತಲುಪುವ ಸಂಭವ ನಿಜಕ್ಕೂ ಹೆಚ್ಚು. ಆದರೆ ಅಳತೆ ನಡೆಯುವುದು ಹದಿನಾರು, ಹದಿನೇಳರ ವಯಸ್ಸಿನಲ್ಲಿ. ಕೆಲವರ ಮೈ ಆಗಿನ್ನೂ ಬೆಳೆದು ಮುಗಿದಿರುವುದಿಲ್ಲ.

ಜೋಶ್ ಅಲೆನ್ ಅಂಥವನು. ಕ್ಯಾಲಿಫೋರ್ನಿಯಾದ ಫೈರ್‌ಬಾ ಎಂಬ ಸಣ್ಣ ಊರಿನ ರೈತರ ಮನೆಯ ಹುಡುಗ. ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ನ ಜಾಗದಲ್ಲಿ ಆಡುತ್ತಿದ್ದ, ಆದರೆ ತೆಳ್ಳಗಿದ್ದ. ಹೈಸ್ಕೂಲು ಮುಗಿದಾಗ ಮೇಲ್ದರ್ಜೆಯ ಒಂದು ತಂಡವೂ ಕರೆಯಲಿಲ್ಲ. ಅವನು ಚಿಕ್ಕಂದಿನಿಂದ ಅಭಿಮಾನಿಯಾಗಿದ್ದ, ಪಕ್ಕದಲ್ಲೇ ಇರುವ ಫ್ರೆಸ್ನೊ ಸ್ಟೇಟ್ ವಿಶ್ವವಿದ್ಯಾಲಯ ಕೂಡ ಬೇಡವೆಂದಿತು. ರೀಡ್ಲಿ ಎಂಬಲ್ಲಿನ ಎರಡು ವರ್ಷದ ಕಾಲೇಜಿಗೆ ಸೇರಿದ. ಅಲ್ಲಿ ಮೈ ತುಂಬಿತು, ಎತ್ತರವೂ ಏರಿತು. ದೇಶದ ಉದ್ದಗಲಕ್ಕೂ ಕೋಚ್‌ಗಳಿಗೆ ತಾನೇ ಇಮೇಲ್ ಕಳಿಸಿದ. ಬಂದ ಕರೆ ಎರಡೇ, ವಯೋಮಿಂಗ್ ಮತ್ತು ಈಸ್ಟರ್ನ್ ಮಿಷಿಗನ್. ವಯೋಮಿಂಗ್ ನೋಡಲು ಹೋದನೆಂದು ಎರಡನೆಯದೂ ಕೈಬಿಟ್ಟಿತು. 2018ರಲ್ಲಿ ವೃತ್ತಿಪರ ತಂಡಗಳು ಆಟಗಾರರನ್ನು ಆರಿಸಿಕೊಂಡಾಗ ಬಫಲೋ ಬಿಲ್ಸ್ ಅವನನ್ನು ಏಳನೆಯವನಾಗಿ ಆರಿಸಿತು. 2024ರ ಋತುವಿನ ಅತ್ಯಮೂಲ್ಯ ಆಟಗಾರ ಅವನೇ.

ಆರನ್ ರಾಜರ್ಸ್ ಕತೆ ಇನ್ನೂ ವಿಚಿತ್ರ. ಕ್ಯಾಲಿಫೋರ್ನಿಯಾದ ಬ್ಯೂಟ್ ಎಂಬ ಎರಡು ವರ್ಷದ ಕಾಲೇಜಿನಲ್ಲಿ ಅವನು ಆಡುತ್ತಿದ್ದಾಗ ಬರ್ಕ್ಲಿ ವಿಶ್ವವಿದ್ಯಾಲಯದ ಕೋಚ್ ಜೆಫ್ ಟೆಡ್‌ಫರ್ಡ್ ಬಂದದ್ದು ಅದೇ ತಂಡದ ಬೇರೊಬ್ಬನನ್ನು ನೋಡಲು. ಕಣ್ಣು ನೆಟ್ಟದ್ದು ಆ ಬೇರೊಬ್ಬನಿಗೆ ಚೆಂಡೆಸೆಯುತ್ತಿದ್ದ ರಾಜರ್ಸ್ ಮೇಲೆ. ಮುಂದೆ ಅವನು ವೃತ್ತಿಪರ ಆಟದಲ್ಲಿ ನಾಲ್ಕು ಬಾರಿ ಅತ್ಯಮೂಲ್ಯ ಆಟಗಾರನಾದ. ನನ್ನನ್ನು ಈ ಕತೆ ಬಿಡದೆ ಕಾಡುತ್ತದೆ. ಟೆಡ್‌ಫರ್ಡ್ ಅಂದು ಮೈದಾನದ ಅಂಚಿನಲ್ಲಿ ನಿಂತು ನೋಡದಿದ್ದರೆ? ಪಟ್ಟಿಯಲ್ಲಿ ಹುಡುಕಿದ್ದರೆ ಆ ಹೆಸರು ಸಿಗುತ್ತಿರಲಿಲ್ಲ.

ಕರೆಯಿಲ್ಲದೆ, ವಿದ್ಯಾರ್ಥಿವೇತನವೂ ಇಲ್ಲದೆ ತಂಡ ಸೇರುವವರಿಗೆ ಅಲ್ಲಿ ವಾಕ್-ಆನ್ ಎನ್ನುತ್ತಾರೆ. ಜೆ. ಜೆ. ವಾಟ್ ವಿಸ್ಕಾನ್ಸಿನ್ ಸೇರಿದ್ದು ಹೀಗೆ. ಆಮೇಲೆ ವೃತ್ತಿಪರ ಆಟದಲ್ಲಿ ಮೂರು ಬಾರಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರನಾದ. ಸ್ಟೆಟ್ಸನ್ ಬೆನೆಟ್ ಕೂಡ ಜಾರ್ಜಿಯಾಕ್ಕೆ ಹೀಗೇ ಬಂದವನು. 2021, 2022ರ ಋತುಗಳಲ್ಲಿ ಆ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದಾಗ ಕ್ವಾರ್ಟರ್‌ಬ್ಯಾಕ್ ಅವನೇ.

ಈಗ ನನಗೆ ಆತಂಕ ಹುಟ್ಟಿಸುವುದು ಬೇರೆಯೇ ಬದಲಾವಣೆ. 2021ರಿಂದ ಕಾಲೇಜು ಆಟಗಾರರು ಒಂದು ವರ್ಷ ಹೊರಗೆ ಕೂರದೆ ವಿಶ್ವವಿದ್ಯಾಲಯ ಬದಲಿಸಬಹುದು. ಆಟಗಾರರಿಗೆ ಇದು ನ್ಯಾಯವೇ ಸರಿ. ಆದರೆ ಇಪ್ಪತ್ತೊಂದರ, ಈಗಾಗಲೇ ಕಾಲೇಜು ಮಟ್ಟದಲ್ಲಿ ಆಡಿ ತೋರಿಸಿದವನು ಸಿಗುವಾಗ, ಹದಿನೇಳರ ತೆಳ್ಳನೆ ಹುಡುಗ ಬೆಳೆಯುವ ತನಕ ಕಾಯುವ ಕೋಚ್‌ಗಳು ಕಡಿಮೆಯಾಗುತ್ತಿದ್ದಾರೆ. ಫೈರ್‌ಬಾದಂಥ ಊರುಗಳ ಹುಡುಗರಿಗೆ ರೀಡ್ಲಿ, ಬ್ಯೂಟ್‌ನಂಥ ಕಾಲೇಜುಗಳು ಇನ್ನೂ ತೆರೆದಿವೆ. ಆ ಮೈದಾನಗಳಿಗೆ ಕೋಚ್‌ಗಳು ಹೋಗುತ್ತಲೇ ಇರಬೇಕು.

ನಮಸ್ಕಾರ.