ನಿಮ್ಮ ಕಂಪ್ಯೂಟರು ಎಷ್ಟು ಮಳೆಗಾಲ ಕಂಡಿದೆ?

ನಮಸ್ಕಾರ. ಶಿರಸಿಯಿಂದ ಮಾತನಾಡುತ್ತಿದ್ದೇನೆ. ಕಂಪ್ಯೂಟರಿನ ಗೀಳು ಹಚ್ಚಿಕೊಂಡ ನಾವು ಆರೇಳು ಮಂದಿ, ಘಟ್ಟದ ಮೇಲಿನವರು ಕೆಲವರು, ಕುಮಟಾ ಮತ್ತು ಕಾರವಾರದ ಕಡೆಯವರು ಕೆಲವರು, ಎರಡು ತಿಂಗಳಿಗೊಮ್ಮೆ ಯಾರದಾದರೂ ಮನೆಯ ಜಗುಲಿಯಲ್ಲಿ ಸೇರುತ್ತೇವೆ. ಹೊಸಬರು ಬಂದಾಗ ಕೇಳುವ ಮೊದಲ ಪ್ರಶ್ನೆ, ‘ನೀವು ದಿನಾ ಬಳಸುವ ಯಂತ್ರ ಯಾವುದು?’ ಉತ್ತರ ಹೆಚ್ಚುಕಡಿಮೆ ಒಂದೇ ರೀತಿ ಬರುತ್ತದೆ: ಪ್ರೊಸೆಸರಿನ ಹೆಸರು, ರ‍್ಯಾಮ್ ಎಷ್ಟು ಜಿಬಿ, ಎಸ್‌ಎಸ್‌ಡಿ (ಕಡತಗಳನ್ನು ಇಡುವ ಡಿಸ್ಕು) ಎಷ್ಟು ದೊಡ್ಡದು, ಪರದೆ ಎಷ್ಟು ಇಂಚು. ಈ ಉತ್ತರ ಸಾಲದು ಎಂಬುದು ನನ್ನ ಅಭಿಪ್ರಾಯ. ಆ ಅಂಕಿಗಳು ಡಬ್ಬಿಯ ಮೇಲೆ ಅಚ್ಚಾಗಿಯೇ ಬಂದಿರುತ್ತವೆ. ಬೆಂಗಳೂರಿನಲ್ಲಿ ಕೊಂಡವರಿಗೂ ನಮಗೂ ಅವು ಒಂದೇ. ಆ ಯಂತ್ರ ನಮ್ಮ ಜಿಲ್ಲೆಯಲ್ಲಿ ಎಷ್ಟು ಮಳೆಗಾಲ ಕಂಡಿದೆ, ಎಷ್ಟು ಸಲ ಬಿಚ್ಚಿದ್ದೀರಿ, ಒಳಗಿನ ಯಾವ ಭಾಗ ಯಾವಾಗ ಬದಲಾಯಿತು ಎಂದು ಹೇಳಿದಾಗಲೇ ಅದು ನಿಮ್ಮ ಯಂತ್ರದ ವರ್ಣನೆಯಾಗುತ್ತದೆ.

ನನ್ನದನ್ನೇ ಮೊದಲು ಹೇಳುತ್ತೇನೆ. ನನ್ನ ಮೇಜಿನ ಮೇಲಿರುವುದು 2018ರಲ್ಲಿ ಮಾರುಕಟ್ಟೆಗೆ ಬಂದ ಥಿಂಕ್‌ಪ್ಯಾಡ್ ಟಿ480 ಲ್ಯಾಪ್‌ಟಾಪ್. ಯಾವುದೋ ಕಚೇರಿ ಬಳಸಿ ಬಿಟ್ಟದ್ದನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಇದನ್ನು ಆರಿಸಿಕೊಂಡದ್ದು ವೇಗಕ್ಕಾಗಿ ಅಲ್ಲ, ಬ್ಯಾಟರಿಗಾಗಿ. ಇದರಲ್ಲಿ ಎರಡು ಬ್ಯಾಟರಿಗಳಿವೆ: ಒಳಗೆ 24 ವ್ಯಾಟ್ ಅವರ್‌ನದೊಂದು, ಹಿಂಬದಿಯಲ್ಲಿ ಕಳಚಿ ಕೂರಿಸುವಂಥ ಇನ್ನೊಂದು. ಹಿಂದಿನದು ಬರಿದಾದರೆ ಯಂತ್ರವನ್ನು ಆರಿಸದೆಯೇ ತೆಗೆದು, ಚಾರ್ಜ್ ಆಗಿರುವ ಮತ್ತೊಂದನ್ನು ಹಾಕಬಹುದು. ಆ ಅರೆನಿಮಿಷ ಒಳಗಿನ ಬ್ಯಾಟರಿ ಹೊರೆ ಹೊರುತ್ತದೆ. ಮರುವರ್ಷ ಬಂದ ಟಿ490ಯಲ್ಲಿ ಈ ವ್ಯವಸ್ಥೆ ಇಲ್ಲ. ಬ್ಯಾಟರಿ ಪೂರ್ತಿ ಒಳಗೆ ಸೇರಿತು, ರ‍್ಯಾಮಿನ ಒಂದು ಭಾಗವೂ ಬೋರ್ಡಿಗೆ ಬೆಸುಗೆಯಾಯಿತು. ಯಂತ್ರ ತೆಳ್ಳಗಾಯಿತು ನಿಜ, ಆದರೆ ಆಷಾಢದಲ್ಲಿ ಎರಡು ದಿನ ಕರೆಂಟಿಲ್ಲದೆ ಕೂತವರಿಗೆ ಒಂದೆರಡು ಮಿಲಿಮೀಟರು ತೆಳುವಿನಿಂದ ಆಗುವ ಉಪಕಾರ ಏನೂ ಇಲ್ಲ. ನಮ್ಮ ಜಿಲ್ಲೆಯ ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾಗಳಲ್ಲಿ ಅಣೆಕಟ್ಟುಗಳಿವೆ, ಕೈಗಾದಲ್ಲಿ ಅಣು ವಿದ್ಯುತ್ ಕೇಂದ್ರವಿದೆ; ಆದರೂ ಕಾಡಿನ ನಡುವೆ ಹಾದು ಬರುವ ತಂತಿಯ ಮೇಲೆ ಒಂದು ಮತ್ತಿಮರದ ಕೊಂಬೆ ಮುರಿದು ಬಿದ್ದರೆ ಊರಿಗೆ ಊರೇ ಕತ್ತಲಾಗುತ್ತದೆ. ಹಾಗಾಗಿ ನನ್ನ ಬಳಿ ಹಿಂಬದಿಯ ಬ್ಯಾಟರಿಗಳು ಮೂರಿವೆ.

ಇದಕ್ಕೂ ಮೊದಲು ನನ್ನ ಬಳಿ ಒಂದು ಡೆಸ್ಕ್‌ಟಾಪ್ ಇತ್ತು, ಅದನ್ನು ಸಿಡಿಲಿಗೆ ಕಳೆದುಕೊಂಡೆ. ಮೇ ತಿಂಗಳ ಸಂಜೆ ಗುಡುಗು ಶುರುವಾದ ಕೂಡಲೇ ನಮ್ಮ ಕಡೆಯ ಎಲ್ಲರಂತೆ ನಾನೂ ಪ್ಲಗ್ಗು ಕಿತ್ತಿಟ್ಟಿದ್ದೆ, ಆದರೆ ಮೋಡೆಮಿನಿಂದ ಬಂದಿದ್ದ ಲ್ಯಾನ್ ಕೇಬಲ್ಲನ್ನು ಮರೆತಿದ್ದೆ. ಸಿಡಿಲು ದೂರವಾಣಿ ತಂತಿಯಲ್ಲಿ ಬಂದು, ಮೋಡೆಮನ್ನು ಸುಟ್ಟು, ಆ ಕೇಬಲ್ಲಿನ ಮೂಲಕ ಮದರ್‌ಬೋರ್ಡಿಗೆ ಇಳಿದಿತ್ತು. ಈಗ ಫೈಬರ್ ಬಂದಿದೆ, ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ ಎಂದು ಹಲವರು ನಿಶ್ಚಿಂತರಾಗಿದ್ದಾರೆ. ದಯವಿಟ್ಟು ಹಾಗಿರಬೇಡಿ. ಎಳೆ ಗಾಜಿನದಾದರೂ ಆ ಪೆಟ್ಟಿಗೆಯ ಅಡಾಪ್ಟರು ಕರೆಂಟಿನ ತಂತಿಗೇ ಅಂಟಿಕೊಂಡಿರುತ್ತದೆ. ಗುಡುಗಿದಾಗ ಅದನ್ನೂ ಕೀಳಬೇಕು, ಅದರಿಂದ ಕಂಪ್ಯೂಟರಿಗೆ ಹೋಗುವ ಕೇಬಲ್ಲನ್ನೂ ಕೀಳಬೇಕು.

ಕಾರವಾರದ ಗೆಳೆಯರ ಅನುಭವ ಬೇರೆ. ಅವರ ಮನೆ ಸಮುದ್ರಕ್ಕೆ ಹತ್ತಿರ, ಅಲ್ಲಿ ಮಳೆಗಿಂತ ಉಪ್ಪುಗಾಳಿ ದೊಡ್ಡ ಶತ್ರು. ಫ್ಯಾನಿರುವ ಯಂತ್ರ ಆ ಗಾಳಿಯನ್ನು ದಿನವಿಡೀ ಒಳಗೆ ಎಳೆದುಕೊಳ್ಳುತ್ತದೆ. ಎರಡು ಮೂರು ವರ್ಷದಲ್ಲಿ ಯುಎಸ್‌ಬಿ ಬಾಯಿಗಳು ತುಕ್ಕು ಹಿಡಿಯುತ್ತವೆ, ತಾಮ್ರದ ಮೇಲೆ ಹಸಿರು ಕಿಲುಬು ಕೂರುತ್ತದೆ. ಅದಕ್ಕಾಗಿ ಅವರು 2020ರ ಎಂ1 ಮ್ಯಾಕ್‌ಬುಕ್ ಏರ್ ಇಟ್ಟುಕೊಂಡಿದ್ದಾರೆ, ಅದರಲ್ಲಿ ಫ್ಯಾನೇ ಇಲ್ಲ. ಅದರ ರ‍್ಯಾಮು, ಸ್ಟೋರೇಜು ಎರಡೂ ಬದಲಾಯಿಸಲು ಬರುವುದಿಲ್ಲ ಎನ್ನುವುದು ನನ್ನ ಆಕ್ಷೇಪ. ಬದಲಾಯಿಸುವ ಸಂದರ್ಭವೇ ಬಾರದಂತೆ ಗಾಳಿಯನ್ನು ಹೊರಗಿಡುವುದು ಮೇಲು ಎನ್ನುವುದು ಅವರ ಉತ್ತರ. ಅವರು ಹೇಳುವುದರಲ್ಲಿ ಹುರುಳಿದೆ ಎಂದು ನಾನು ಒಪ್ಪುತ್ತೇನೆ, ಏಕೆಂದರೆ ಅವರು ಆ ಯಂತ್ರವನ್ನು ಆರಿಸಿಕೊಂಡದ್ದು ತಮ್ಮ ಕಿಟಕಿಯ ಗಾಳಿಯನ್ನು ನೋಡಿ. ಪ್ರತಿ ರಾತ್ರಿ ಒಂದು ಹೊರಗಿನ ಡಿಸ್ಕಿಗೆ ನಕಲು ತೆಗೆದಿಡುವ ಶಿಸ್ತೂ ಅವರಿಗಿದೆ. ಬಿಚ್ಚಲಾಗದ ಯಂತ್ರ ಕೊಂಡವರಿಗೆ ಆ ಶಿಸ್ತು ಇರಲೇಬೇಕು.

ಶಿರಸಿಯ ಹೊರಗೆ ಅಡಿಕೆ ತೋಟ ಮಾಡುವ ಹಿರಿಯರೊಬ್ಬರು ನಮ್ಮ ಬಳಗದಲ್ಲಿದ್ದಾರೆ. ತೋಟದ ಲೆಕ್ಕವನ್ನೂ ಅಂಗಳದ ಮಳೆಮಾಪಕದ ದಿನನಿತ್ಯದ ಅಳತೆಯನ್ನೂ ಅವರು ಒಂದು ಹಳೆಯ ಡೆಸ್ಕ್‌ಟಾಪಿನಲ್ಲಿ ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶ ತೆರೆದು ದಾಖಲಿಸುತ್ತಾರೆ. ಇನ್ವರ್ಟರ್ ಇದ್ದರೂ ಕರೆಂಟು ಹೋದಾಗಲೆಲ್ಲ ಆ ಯಂತ್ರ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಕಾರಣ ಸರಳ. ನಮ್ಮ ವಿದ್ಯುತ್ತಿನ ಒಂದು ಆವರ್ತಕ್ಕೆ 20 ಮಿಲಿಸೆಕೆಂಡು ಬೇಕು. ಕಂಪ್ಯೂಟರಿನ ಪವರ್ ಸಪ್ಲೈ ಕರೆಂಟಿಲ್ಲದೆ ತಡೆದುಕೊಳ್ಳಬಲ್ಲದ್ದು ಹೆಚ್ಚುಕಡಿಮೆ ಅಷ್ಟೇ ಹೊತ್ತು. ಮನೆಯ ಇನ್ವರ್ಟರು ಸಾಮಾನ್ಯ ಮೋಡಿನಲ್ಲಿದ್ದರೆ ಬದಲಾಗಲು ಅದಕ್ಕಿಂತ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ದೀಪಕ್ಕೂ ಫ್ಯಾನಿಗೂ ಅದು ಗೊತ್ತೇ ಆಗುವುದಿಲ್ಲ, ಕಂಪ್ಯೂಟರಿಗೆ ಆಗುತ್ತದೆ. ಅವರ ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡಿನ ಸ್ವಿಚ್ಚು ಇತ್ತು, ಅದನ್ನು ತಿರುಗಿಸಿದ ಮೇಲೆ ತೊಂದರೆ ನಿಂತಿತು. ಅಲ್ಲಿಯತನಕ ಅವರು ಹೊಸ ಯಂತ್ರ ಕೊಳ್ಳುವ ಯೋಚನೆಯಲ್ಲಿದ್ದರು.

ಅದೇ ಯಂತ್ರ ಇನ್ನೊಂದು ಮಳೆಗಾಲದಲ್ಲಿ ಯಾವ ಜಾಲತಾಣವನ್ನೂ ತೆರೆಯದಾಯಿತು. ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್ಲು, ಸಿಆರ್2032 ಎನ್ನುವ 3 ವೋಲ್ಟಿನದು, ಖಾಲಿಯಾಗಿತ್ತು. ಅದು ಸತ್ತರೆ ಗಡಿಯಾರ ಹತ್ತಾರು ವರ್ಷ ಹಿಂದಕ್ಕೆ ಹೋಗುತ್ತದೆ, ತಾಣಗಳ ಭದ್ರತಾ ಪ್ರಮಾಣಪತ್ರಗಳು ‘ಇನ್ನೂ ಚಾಲ್ತಿಗೆ ಬಂದಿಲ್ಲ’ ಎಂದು ಬ್ರೌಸರು ಬಾಗಿಲು ಮುಚ್ಚುತ್ತದೆ. ಆ ಸೆಲ್ಲು ಗಡಿಯಾರದ ಅಂಗಡಿಯಲ್ಲಿ ಸಿಗುತ್ತದೆ. ಇದನ್ನು ತಿಳಿಯದೆ ಎಷ್ಟು ಮನೆಗಳಲ್ಲಿ ಒಳ್ಳೆಯ ಯಂತ್ರಗಳು ಅಟ್ಟ ಸೇರಿವೆಯೋ ಎಂದು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ, ಇಂಟೆಲ್ ಪ್ರೊಸೆಸರಾದರೆ ಸಾಮಾನ್ಯವಾಗಿ ಎಂಟನೆಯ ಅಥವಾ ಅದರ ನಂತರದ ತಲೆಮಾರನ್ನೂ ಕೇಳುತ್ತದೆ. ಅದಕ್ಕಿಂತ ಹಳೆಯದೆಲ್ಲ ಗುಜರಿಗೆ ಎನ್ನುವ ಮಾತು ನಮ್ಮ ಪೇಟೆಯಲ್ಲೂ ಕೇಳಿಬಂತು. ನಾನು ಇದನ್ನು ಬಲವಾಗಿ ವಿರೋಧಿಸುತ್ತೇನೆ. ಕುಮಟಾದ ಶಿಕ್ಷಕಿಯೊಬ್ಬರು 2011ರ ಥಿಂಕ್‌ಪ್ಯಾಡ್ ಎಕ್ಸ್220ಯಲ್ಲಿ ವಿಂಡೋಸ್ ಬದಲು ಡೆಬಿಯನ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಹಾಕಿಕೊಂಡು ದಿನವೂ ಪಾಠದ ಟಿಪ್ಪಣಿ ಬರೆಯುತ್ತಾರೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ್ದು, ರ‍್ಯಾಮು 8 ಜಿಬಿ ಮಾಡಿದ್ದು, ಇಷ್ಟೇ ಬದಲಾವಣೆ. ಕನ್ನಡಕ್ಕೆ ಅಲ್ಲಿ ಕೊರತೆಯಿಲ್ಲ: ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆ ಸಿಗುತ್ತದೆ. ಲೋಹಿತ್, ಗುಬ್ಬಿ, ನವಿಲು ಅಕ್ಷರರೂಪಗಳು ಡೆಬಿಯನ್ ಭಂಡಾರದಲ್ಲೇ ಇವೆ. ಅವರಿಗಿರುವ ನಿಜವಾದ ತೊಡಕು ‘ನುಡಿ’ ತಂತ್ರಾಂಶದ ಹಳೆಯ ಕಡತಗಳದ್ದು. ಯೂನಿಕೋಡ್‌ಗಿಂತ ಹಿಂದಿನ ವಿಧಾನದಲ್ಲಿ ಬರೆದವು ಇಂಗ್ಲಿಷ್ ಅಕ್ಷರಗಳ ರಾಶಿಯಂತೆ ತೆರೆದುಕೊಳ್ಳುತ್ತವೆ, ಒಂದೊಂದನ್ನೂ ಪರಿವರ್ತಿಸಿಕೊಳ್ಳಬೇಕು. ಇದು ಯಂತ್ರದ ವಯಸ್ಸಿನಿಂದ ಬಂದ ಸಮಸ್ಯೆಯಲ್ಲ. ಹೊಸದು ಕೊಂಡರೂ ಹೋಗುವುದಿಲ್ಲ.

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಪುಟ್ಟ ಕಂಪ್ಯೂಟರನ್ನೇ ದಿನದ ಯಂತ್ರವಾಗಿ ಬಳಸುವ ಹುಡುಗನೂ ನಮ್ಮಲ್ಲಿದ್ದಾನೆ. ಅದಕ್ಕೆ ಬೇಕಾದ ವಿದ್ಯುತ್ ಬಹಳ ಕಡಿಮೆ, ಆದರೆ ಕರೆಂಟು ಹಠಾತ್ತನೆ ಹೋದರೆ ಮೆಮೊರಿ ಕಾರ್ಡು ಕೆಡಬಹುದು. ಎರಡು ಕಾರ್ಡು ಕಳೆದುಕೊಂಡ ಮೇಲೆ ಅವನು ಯುಎಸ್‌ಬಿ ಎಸ್‌ಎಸ್‌ಡಿಯಿಂದ ನಡೆಸುತ್ತಿದ್ದಾನೆ.

ನಮ್ಮ ಕಡೆ ತೋಟದ ಪಂಪಿಗೆ ರಿವೈಂಡಿಂಗ್ ಮಾಡಿಸಿದರೆ ತಾರೀಕನ್ನು ಪಂಪ್‌ಹೌಸಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಡುವವರಿದ್ದಾರೆ. ಮುಂದೆ ಕೆಟ್ಟಾಗ ರಿಪೇರಿಯವನು ಮೊದಲು ಆ ಗೋಡೆ ನೋಡುತ್ತಾನೆ. ಕಂಪ್ಯೂಟರಿಗೂ ಇಂಥದ್ದೊಂದು ಬೇಕು ಎಂದು ನಾನು ಬಳಗದಲ್ಲಿ ಒತ್ತಾಯಿಸಿದ್ದೇನೆ. ಮಳೆ ಮುಗಿದು ಗಾಳಿ ಒಣಗಿರುವ ಕಾರಣ, ಆಯುಧ ಪೂಜೆಯ ಹಿಂದಿನ ದಿನ ಯಂತ್ರವನ್ನು ಬಿಚ್ಚಿ ಧೂಳು ತೆಗೆದು, ರ‍್ಯಾಮಿನ ಹೊಂಬಣ್ಣದ ಅಂಚನ್ನು ಮೆತ್ತನೆಯ ರಬ್ಬರಿನಿಂದ ಹಗುರವಾಗಿ ಉಜ್ಜಿ, ಮಾಡಿದ್ದನ್ನು ಬರೆದಿಡುತ್ತೇನೆ. ಮುಂದಿನ ಸಲ ಕುಮಟಾದಲ್ಲಿ ಸೇರುವಾಗ ಎಲ್ಲರೂ ಇಂಥ ಚೀಟಿಯನ್ನೇ ಓದಬೇಕೆಂದು ತೀರ್ಮಾನವಾಗಿದೆ. ನನ್ನ ಯಂತ್ರದ ಅಡಿಯಲ್ಲಿ ಅಂಟಿಸಿರುವ ಚೀಟಿಯಲ್ಲಿ ಇಷ್ಟಿದೆ: 2022 ಅಕ್ಟೋಬರ್, ಥರ್ಮಲ್ ಪೇಸ್ಟ್ ಹೊಸದು, ಫ್ಯಾನಿನಲ್ಲಿ ಬೂಷ್ಟು. 2023 ಅಕ್ಟೋಬರ್, ಒಳಗಿನ ಬ್ಯಾಟರಿ ಬದಲು. 2024 ಆಗಸ್ಟ್, ಕೀಬೋರ್ಡಿನೊಳಗೆ ಇರುವೆ, ಕೀಬೋರ್ಡ್ ಬದಲು. 2025 ಸೆಪ್ಟೆಂಬರ್, ಧೂಳು ಮಾತ್ರ.